ಜಾಫ್ನಾ, ಜೂನ್ 1987: ಬೋಟು ವಾಪಸ್ ಬಂತು, ವಿಮಾನ ಹೋಯಿತು

1987ರ ಜೂನ್ 4ರ ಸಂಜೆ ಭಾರತೀಯ ವಾಯುಪಡೆಯ ಐದು ಎಎನ್-32 ಸಾಗಣೆ ವಿಮಾನಗಳು ಬೆಂಗಳೂರಿನಿಂದ ಹೊರಟವು. ಶ್ರೀಲಂಕಾದ ಉತ್ತರ ತುದಿಯಲ್ಲಿರುವ, ತಮಿಳರೇ ಹೆಚ್ಚಿರುವ ಜಾಫ್ನಾ ಪಟ್ಟಣದ ಸುತ್ತಮುತ್ತ ಸುಮಾರು 25 ಟನ್ ಪರಿಹಾರ ಸಾಮಗ್ರಿಯನ್ನು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಟ್ಟವು. ಕಾವಲಿಗೆ ಮಿರಾಜ್-2000 ಯುದ್ಧವಿಮಾನಗಳಿದ್ದವು. ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು ಪೂಮಾಲೈ, ಅಂದರೆ ಹೂಮಾಲೆ.

ಆಗ ಜಾಫ್ನಾ ಜಿಲ್ಲೆಯಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನರಿದ್ದರು. 25 ಟನ್ನನ್ನು ಅಷ್ಟೂ ಜನಕ್ಕೆ ಹಂಚಿದರೆ ತಲೆಗೆ 35 ಗ್ರಾಂ ಬರುತ್ತದೆ. ಅಂಗೈಯಲ್ಲಿ ಹಾಕಿಕೊಂಡರೆ ಒಂದು ಹಿಡಿಯೂ ಆಗುವುದಿಲ್ಲ. ಆದರೂ ಆ ಒಂದು ಸಂಜೆಯಿಂದ ಶ್ರೀಲಂಕಾ ಸೇನೆಯ ದಾಳಿ ನಿಂತಿತು, ಎರಡು ತಿಂಗಳೊಳಗೆ ಒಪ್ಪಂದವಾಯಿತು, ನಾಲ್ಕು ತಿಂಗಳಲ್ಲಿ ಭಾರತದ ಸೇನೆಯೇ ಅದೇ ಜಾಫ್ನಾದ ಬೀದಿಗಳಲ್ಲಿ ಹೋರಾಡುತ್ತಿತ್ತು. ಪಕ್ಕದ ದೇಶದ ಯುದ್ಧದಲ್ಲಿ ಜನ ನರಳುವಾಗ ಸರ್ಕಾರವೊಂದು ಏನು ಮಾಡಬಹುದು, ಎಲ್ಲಿ ಎಡವುತ್ತದೆ ಎಂದು ತಿಳಿಯಬೇಕಾದರೆ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ ಎಂದು ನನಗನ್ನಿಸುತ್ತದೆ.

ಒಂದು ಕೈಯಲ್ಲಿ ಮಾತುಕತೆ, ಇನ್ನೊಂದು ಕೈಯಲ್ಲಿ ಬಂದೂಕು

1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿ ಬಳಿ, ತಮಿಳರಿಗೆ ಪ್ರತ್ಯೇಕ ದೇಶ ಬೇಕೆಂದು ಹೋರಾಡುತ್ತಿದ್ದ ಉಗ್ರ ಸಂಘಟನೆ ಎಲ್‌ಟಿಟಿಇ ಹೊಂಚು ಹಾಕಿ ಶ್ರೀಲಂಕಾದ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊ ಮತ್ತು ಬೇರೆ ಊರುಗಳಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಜನರನ್ನು ಹುಡುಕಿ ಹುಡುಕಿ ಕೊಂದರು. ಜೀವ ಉಳಿಸಿಕೊಂಡವರು ದೋಣಿ ಹತ್ತಿ ಪಾಕ್ ಜಲಸಂಧಿ ದಾಟಿ ರಾಮೇಶ್ವರದ ಕಡೆ ಬಂದರು. 1987ರ ಹೊತ್ತಿಗೆ ತಮಿಳುನಾಡಿನಲ್ಲಿ ಲಕ್ಷಕ್ಕೂ ಮೀರಿ ನಿರಾಶ್ರಿತರಿದ್ದರು.

ದೆಹಲಿ ಸುಮ್ಮನೆ ಕೂರುವ ಹಾಗಿರಲಿಲ್ಲ. ಇಂದಿರಾ ಗಾಂಧಿ ಕಾಲದಲ್ಲಿ ಹಿರಿಯ ರಾಜತಾಂತ್ರಿಕ ಜಿ. ಪಾರ್ಥಸಾರಥಿ ಸಂಧಾನಕ್ಕೆ ಹೋದರು. ರಾಜೀವ್ ಗಾಂಧಿ ಬಂದ ಮೇಲೆ 1985ರಲ್ಲಿ ಭೂತಾನಿನ ಥಿಂಪುವಿನಲ್ಲಿ ಮಾತುಕತೆ ನಡೆಯಿತು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ಆಯಿತಲ್ಲ, ಅಲ್ಲಿಗೆ ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಬಂದಿದ್ದರು. ಅದೇ ಹೊತ್ತಿಗೆ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನೂ ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದು ಒಪ್ಪಿಸಲು ನೋಡಿದರು. ಆತ ಒಪ್ಪಲಿಲ್ಲ. 1987ರ ಜನವರಿಯಲ್ಲಿ ಮದ್ರಾಸು ಬಿಟ್ಟು ಜಾಫ್ನಾಕ್ಕೆ ಹೊರಟುಹೋದ.

ಇದು ಎದುರಿಗೆ ಕಾಣುತ್ತಿದ್ದ ಕೈ. ಕಾಣದ ಕೈ ಬೇರೆಯೇ ಕೆಲಸ ಮಾಡುತ್ತಿತ್ತು. 1983ರಿಂದಲೇ ಭಾರತದ ಗುಪ್ತಚರ ಸಂಸ್ಥೆ ರಾ, ತಮಿಳು ಉಗ್ರ ಸಂಘಟನೆಗಳಿಗೆ ನಮ್ಮ ನೆಲದಲ್ಲೇ ತರಬೇತಿ ಕೊಟ್ಟಿತ್ತು. ಅವರಿಗೆ ಆಯುಧಗಳೂ ಸಿಕ್ಕಿದ್ದವು. ಮದ್ರಾಸಿನಲ್ಲಿ ಅವರ ಕಚೇರಿಗಳು ಬಾಗಿಲು ತೆರೆದುಕೊಂಡೇ ಇದ್ದವು. 1987ರ ಏಪ್ರಿಲ್ ಕೊನೆಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಈ ಸಂಘಟನೆಗಳ ಮೂಲಕ ಪರಿಹಾರಕ್ಕೆಂದು 4 ಕೋಟಿ ರೂಪಾಯಿ ಘೋಷಿಸಿದರು. ಅದರಲ್ಲಿ ದೊಡ್ಡ ಪಾಲು ಎಲ್‌ಟಿಟಿಇಗೆ.

ಜೂನ್ 4ರ ವಿಮಾನಗಳ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಬಹಳ ಜನ ಈ ಭಾಗ ಬಿಟ್ಟುಬಿಡುತ್ತಾರೆ. ಬಿಡಬಾರದು. ಹಸಿದವರಿಗೆ ಅನ್ನ ಹಾಕಲು ಬಂದವನು ಜಗಳದಲ್ಲಿ ಒಂದು ಪಕ್ಷದವನು ಎಂದು ಎಲ್ಲರಿಗೂ ಗೊತ್ತಿದ್ದರೆ, ಅವನ ಅನ್ನವನ್ನು ಎದುರಿನವನು ಅನ್ನ ಎಂದು ನೋಡುವುದಿಲ್ಲ.

ಸೀಮೆಎಣ್ಣೆ ನಿಂತರೆ ಏನಾಗುತ್ತದೆ

1987ರ ಆರಂಭದಲ್ಲಿ ಜಾಫ್ನಾದ ನಾಗರಿಕ ಆಡಳಿತವನ್ನು ತಾವೇ ವಹಿಸಿಕೊಳ್ಳುತ್ತೇವೆ ಎಂದು ಎಲ್‌ಟಿಟಿಇ ಸಾರಿತು. ಕೊಲಂಬೊ ಉತ್ತರ ಕೊಟ್ಟಿದ್ದು ದಿಗ್ಬಂಧನದ ಮೂಲಕ. ಜಾಫ್ನಾಕ್ಕೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಹೋಗುವುದು ನಿಂತಿತು.

ಇಂಧನ ತಾನೆ, ಅನ್ನವನ್ನೇನೂ ತಡೆದಿಲ್ಲವಲ್ಲ ಎಂದು ಕೇಳಬಹುದು. ಜಾಫ್ನಾದ ನೆಲವನ್ನು ಒಮ್ಮೆ ನೋಡಬೇಕು. ಅದು ಸುಣ್ಣಕಲ್ಲಿನ ಸಮತಟ್ಟು ಪರ್ಯಾಯದ್ವೀಪ. ವರ್ಷವಿಡೀ ಹರಿಯುವ ಹೊಳೆ ಅಲ್ಲಿಲ್ಲ. ಬೇಸಾಯವೆಲ್ಲ ಬಾವಿ ನೀರಿನದು. ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಅಲ್ಲಿನ ಹಣದ ಬೆಳೆಗಳು, ಸಣ್ಣ ಸಣ್ಣ ತುಂಡು ಹೊಲಗಳಲ್ಲಿ ಬಹಳ ಕಾಳಜಿಯಿಂದ ಬೆಳೆಯುವಂಥವು. ಆ ಬಾವಿಗಳಿಂದ ನೀರೆತ್ತುತ್ತಿದ್ದದ್ದು ಸೀಮೆಎಣ್ಣೆ ಪಂಪ್‌ಸೆಟ್. ಸೀಮೆಎಣ್ಣೆ ಬರಲಿಲ್ಲ ಎಂದರೆ ಪಂಪು ನಿಂತಿತು. ಪಂಪು ನಿಂತರೆ ಈರುಳ್ಳಿ ಒಣಗಿತು. ಮೀನುಗಾರರ ದೋಣಿಯ ಮೋಟಾರೂ ಅದೇ ಎಣ್ಣೆ ಕುಡಿಯುವುದು. ಮೇಲಾಗಿ ಕಡಲಿಗೆ ಇಳಿಯುವುದಕ್ಕೇ ನಿರ್ಬಂಧ. ಲಾರಿ ಓಡದಿದ್ದರೆ ಅಂಗಡಿಯಲ್ಲಿ ಅಕ್ಕಿ ಇದ್ದರೂ ಬೆಲೆ ಏರುತ್ತದೆ, ಆಸ್ಪತ್ರೆಯ ಜನರೇಟರ್ ನಿಲ್ಲುತ್ತದೆ. ಬಯಲುಸೀಮೆಯಲ್ಲಿ ಕರೆಂಟ್ ಹೋದಾಗ ಬೋರ್‌ವೆಲ್ ಪಕ್ಕ ಕೂತು ಕಾಯ್ದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಐದು ತಿಂಗಳು ನಡೆಯಿತು. ಬಾಂಬಿನಷ್ಟು ಸದ್ದಿಲ್ಲದ ಈ ಹಿಂಸೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಕಡಿಮೆ.

ಏಪ್ರಿಲ್‌ನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಏಪ್ರಿಲ್ 17, ಗುಡ್ ಫ್ರೈಡೇ ದಿನ, ಪೂರ್ವ ಶ್ರೀಲಂಕಾದಲ್ಲಿ ಬಸ್ಸುಗಳನ್ನು ತಡೆದು ನೂರಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಆ ದೇಶದ ಬಹುಸಂಖ್ಯಾತರಾದ ಸಿಂಹಳೀಯರು, ಹೆಂಗಸರು ಮಕ್ಕಳು ಕೂಡ. ನಾಲ್ಕು ದಿನ ಬಿಟ್ಟು ಕೊಲಂಬೊದ ಪೇಟೆಯ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದು ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಜಯವರ್ಧನೆ ಮೇಲಿನ ಒತ್ತಡ ಎಷ್ಟಿತ್ತು ಎಂದು ಊಹಿಸಬಹುದು. ಈ ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜಾಫ್ನಾದ ಸಂಕಟ ಮಾತ್ರ ಹೇಳಿದರೆ ಅರ್ಧ ಕಥೆ ಹೇಳಿದಂತೆ.

ಮೇ 26ರಂದು ಸೇನೆ ಜಾಫ್ನಾದ ಈಶಾನ್ಯ ಭಾಗವಾದ ವಡಮರಾಚ್ಚಿಯ ಮೇಲೆ ಏರಿಹೋಯಿತು. ಸಾವಿರಾರು ಸೈನಿಕರು, ಮೇಲಿಂದ ವಿಮಾನ ಮತ್ತು ಹೆಲಿಕಾಪ್ಟರ್ ದಾಳಿ, ಕಡಲಿನಿಂದ ನೌಕಾಪಡೆ. ಜನ ಮನೆ ಬಿಟ್ಟು ದೇವಸ್ಥಾನ, ಶಾಲೆಗಳಲ್ಲಿ ತುಂಬಿಕೊಂಡರು. ಆಶ್ರಯ ಪಡೆದ ಜಾಗಗಳ ಮೇಲೂ ಶೆಲ್ ಬಿದ್ದವು. ಸಿಕ್ಕಿದ ಯುವಕರನ್ನು ಹಿಡಿದು ಹಡಗು ಹತ್ತಿಸಿ ದೂರದ ದಕ್ಷಿಣದ ಗಾಲೆ ಕಡೆ ಸಾಗಿಸಿದರು. ಪ್ರಭಾಕರನ್‌ನ ಹುಟ್ಟೂರು ವೆಲ್ವೆಟ್ಟಿತುರೈ ಸೇನೆಯ ಕೈಗೆ ಬಂತು. ಮುಂದಿನದು ಜಾಫ್ನಾ ಪಟ್ಟಣ ಎಂಬುದು ಎಲ್ಲರಿಗೂ ಗೊತ್ತಿತ್ತು.

ಜೂನ್ 3: ಬೋಟುಗಳು

ದೆಹಲಿ ಮೊದಲು ಆರಿಸಿಕೊಂಡ ದಾರಿ ಸಮುದ್ರದ್ದು. ರೆಡ್‌ಕ್ರಾಸ್ ಗುರುತು ಹಾಕಿದ ಇಪ್ಪತ್ತರಷ್ಟು ಮೀನುಗಾರಿಕೆ ಬೋಟುಗಳಲ್ಲಿ ಆಹಾರ, ಔಷಧಿ, ಇಂಧನ ತುಂಬಿದರು. ಯಾವುದರಲ್ಲೂ ಆಯುಧವಿರಲಿಲ್ಲ. ಕೊಲಂಬೊಗೆ ಮೊದಲೇ ತಿಳಿಸಿದರು. ಕೊಲಂಬೊ ಬೇಡ ಎಂದಿತು. ಅಲ್ಲಿ ಕೊರತೆಯೇ ಇಲ್ಲ, ಇದ್ದರೆ ನಾವೇ ನೋಡಿಕೊಳ್ಳುತ್ತೇವೆ ಎಂಬುದು ಅದರ ವಾದ. ಜೂನ್ 3ರಂದು ಬೋಟುಗಳು ರಾಮೇಶ್ವರದಿಂದ ಹೊರಟವು. ಶ್ರೀಲಂಕಾದ ನೌಕಾಪಡೆ ನಡುಗಡಲಲ್ಲಿ ತಡೆಯಿತು. ಗಂಟೆಗಟ್ಟಲೆ ಮಾತು ನಡೆಯಿತು. ಕೊನೆಗೆ ಬೋಟುಗಳು ತಂದದ್ದನ್ನು ಹಾಗೇ ಹೊತ್ತು ವಾಪಸ್ ಬಂದವು.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಬೋಟುಗಳು. ನಿರಾಯುಧ, ರೆಡ್‌ಕ್ರಾಸ್ ಗುರುತು, ಮೊದಲೇ ಕೊಟ್ಟ ಸೂಚನೆ. ಪರಿಹಾರ ಎನ್ನುವುದು ಹೇಗಿರಬೇಕೋ ಹಾಗಿತ್ತು. ಒಂದೇ ದಿನದಲ್ಲಿ ಇದು ಸೋತಿತು ಎಂದು ತೀರ್ಮಾನಿಸಿದ್ದು ಸರಿಯೇ? ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯನ್ನು ಮುಂದೆ ಬಿಡಬಹುದಿತ್ತು. ಸಾಮಗ್ರಿಯನ್ನು ಕೊಲಂಬೊದ ಅಧಿಕಾರಿಗಳು ತಪಾಸಣೆ ಮಾಡಲಿ ಎನ್ನಬಹುದಿತ್ತು. ಬಸ್ ನಿಲ್ದಾಣದ ಬಾಂಬಿನಲ್ಲಿ ಗಾಯಗೊಂಡ ಸಿಂಹಳೀಯರಿಗೂ ಔಷಧಿ ಕೊಡುತ್ತೇವೆ ಎಂದು ಒಂದು ಮಾತು ಹೇಳಬಹುದಿತ್ತು. ಜಾಫ್ನಾದಲ್ಲಿ ಶೆಲ್ ಬೀಳುತ್ತಿರುವಾಗ ಇದಕ್ಕೆಲ್ಲ ಸಮಯ ಎಲ್ಲಿತ್ತು ಎಂದು ಕೇಳುವವರ ಮಾತಿನಲ್ಲೂ ನಿಜವಿದೆ. ಆದರೆ ಆ ರಾತ್ರಿ ದೆಹಲಿಯನ್ನು ಹೆಚ್ಚು ಕಾಡಿದ್ದು, ಪುಟ್ಟ ದೇಶವೊಂದು ನಮ್ಮ ಬೋಟುಗಳನ್ನು ಹಿಂದಕ್ಕೆ ಕಳಿಸಿತಲ್ಲ ಎಂಬ ಮುಖಭಂಗ. ನಂತರ ನಡೆದದ್ದನ್ನು ನೋಡಿದರೆ ನನಗೆ ಹಾಗೆಯೇ ತೋರುತ್ತದೆ.

ಜೂನ್ 4: ವಿಮಾನಗಳು

ಮರುದಿನ ಬೆಳಗ್ಗೆ ಆಗ್ರಾದಿಂದ ಎಎನ್-32ಗಳು ಬೆಂಗಳೂರಿಗೆ ಬಂದವು. ಸಾಮಗ್ರಿ ತುಂಬಿದ್ದು ಇಲ್ಲಿ. ದೇಶ ವಿದೇಶದ ಪತ್ರಕರ್ತರನ್ನೂ ಹತ್ತಿಸಿಕೊಂಡರು. ಜಗತ್ತು ನೋಡಲಿ, ಒಳಗೆ ಬಾಂಬಿಲ್ಲ ಎಂದು ಹೇಳಲಿ ಎಂಬುದು ಉದ್ದೇಶ.

ಮಧ್ಯಾಹ್ನ ಮೂರು ಗಂಟೆಗೆ ದೆಹಲಿಯಲ್ಲಿ ಶ್ರೀಲಂಕಾದ ಹೈಕಮಿಷನರ್ ಬರ್ನಾರ್ಡ್ ತಿಲಕರತ್ನ ಅವರನ್ನು ವಿದೇಶಾಂಗ ಖಾತೆ ರಾಜ್ಯ ಸಚಿವ ಕೆ. ನಟವರ್ ಸಿಂಗ್ ಕರೆಸಿಕೊಂಡರು. ನಾಲ್ಕು ಗಂಟೆಯ ಸುಮಾರಿಗೆ ನಮ್ಮ ವಿಮಾನಗಳು ಜಾಫ್ನಾ ಕಡೆ ಹೊರಡುತ್ತವೆ ಎಂದರು. ಅಡ್ಡಿಪಡಿಸಿದರೆ ಕಾವಲಿನ ಯುದ್ಧವಿಮಾನಗಳು ಬಲ ಪ್ರಯೋಗಿಸುತ್ತವೆ ಎಂದೂ ತಿಳಿಸಿದರು. ಒಪ್ಪಿಗೆಯನ್ನು ಕೇಳಲಿಲ್ಲ. ಒಂದು ದೇಶದ ಪ್ರತಿನಿಧಿಗೆ ಒಂದು ಗಂಟೆ ಮುಂಚೆ ಹೇಳಿ, ಅವನ ದೇಶದ ಆಕಾಶಕ್ಕೆ ಹೋಗುವುದು ಸಣ್ಣ ವಿಷಯವಲ್ಲ.

ಐದು ಗಂಟೆಯ ಹೊತ್ತಿಗೆ ಜಾಫ್ನಾದ ಮೇಲೆ ಪ್ಯಾರಾಚೂಟುಗಳು ಬಿಚ್ಚಿಕೊಂಡವು. ಐದು ತಿಂಗಳು ವಿಮಾನದ ಸದ್ದು ಕೇಳಿದರೆ ಬಂಕರಿಗೆ ಓಡುತ್ತಿದ್ದ ಜನ ಅವತ್ತು ಹೊರಗೆ ಬಂದು ಆಕಾಶ ನೋಡಿದರು. ಅವರ ಸಂತೋಷವನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದು. ನಮ್ಮನ್ನು ಕೇಳುವವರು ಒಬ್ಬರಿದ್ದಾರೆ ಎಂಬ ಧೈರ್ಯ ಮೂಟೆಯ ತೂಕಕ್ಕೆ ಸಿಗುವಂಥದ್ದಲ್ಲ. ಎಎನ್-32ಗಳು ತಿರುವನಂತಪುರದಲ್ಲಿ ಇಳಿದವು. ಮಿರಾಜ್‌ಗಳು ಬೆಂಗಳೂರಿಗೆ ಮರಳಿದವು. ಒಂದು ಗುಂಡೂ ಹಾರಲಿಲ್ಲ.

ಶ್ರೀಲಂಕಾದ ದಕ್ಷಿಣದಲ್ಲಿ ಇದೇ ಸುದ್ದಿ ಬೇರೆ ರೀತಿ ಮುಟ್ಟಿತು. ಸಿಂಹಳೀಯರು ಇದಕ್ಕೆ ಇಟ್ಟ ಹೆಸರು ‘ಪರಿಪ್ಪು ಡ್ರಾಪ್’, ಬೇಳೆ ಸುರಿದದ್ದು ಎಂದು. ಇವತ್ತಿಗೂ ಅಲ್ಲಿ ಆ ಹೆಸರನ್ನು ಸಿಟ್ಟಿನಿಂದಲೇ ಹೇಳುವವರಿದ್ದಾರೆ. 1971ರಲ್ಲಿ ಒಂದು ಕೋಟಿ ನಿರಾಶ್ರಿತರ ಕಾರಣ ಕೊಟ್ಟು ಭಾರತ ಪೂರ್ವ ಪಾಕಿಸ್ತಾನಕ್ಕೆ ನುಗ್ಗಿತ್ತು, ಈಗ ನಮ್ಮ ಸರದಿ ಎಂಬ ಭಯ ಅವರಿಗೆ. ಆ ಭಯಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು.

ಕಾನೂನು ಏನು ಹೇಳುತ್ತದೆ? ಸುಮಾರು ಒಂದು ವರ್ಷ ಮುಂಚೆ, 1986ರ ಜೂನ್ 27ರಂದು, ಅಮೆರಿಕದ ವಿರುದ್ಧ ನಿಕರಾಗುವಾ ದೇಶ ಹೂಡಿದ್ದ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದರ ಬಗ್ಗೆಯೇ ಮಾತಾಡಿತ್ತು. ನಿಜವಾದ ಮಾನವೀಯ ನೆರವನ್ನು ಹಸ್ತಕ್ಷೇಪ ಎನ್ನಲಾಗದು. ಆದರೆ ಅದು ನೋವು ತಗ್ಗಿಸುವುದಕ್ಕೆ ಮಾತ್ರ ಇರಬೇಕು, ರೆಡ್‌ಕ್ರಾಸ್ ಪಾಲಿಸುವ ಕ್ರಮದಲ್ಲಿರಬೇಕು, ಭೇದವಿಲ್ಲದೆ ಅಗತ್ಯವಿರುವ ಎಲ್ಲರಿಗೂ ಸಲ್ಲಬೇಕು. ಜೂನ್ 3ರ ಬೋಟುಗಳು ಈ ಅಳತೆಗೆ ಬಹಳ ಹತ್ತಿರ ಬರುತ್ತವೆ. ಯುದ್ಧವಿಮಾನದ ಕಾವಲಿನಲ್ಲಿ, ಬೇಡ ಎಂದವರ ಆಕಾಶದಲ್ಲಿ ಹೋದ ಜೂನ್ 4ರ ವಿಮಾನಗಳು ಬರುವುದಿಲ್ಲ.

ಗೆದ್ದದ್ದು ಏನು

ಫಲ ಮಾತ್ರ ತಕ್ಷಣ ಸಿಕ್ಕಿತು. ದಾಳಿ ಜಾಫ್ನಾ ಪಟ್ಟಣಕ್ಕೆ ಮುಟ್ಟಲಿಲ್ಲ. ಪಟ್ಟಣದೊಳಗೆ ಹೋರಾಟ ನಡೆದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ. ಆ ಜೀವಗಳು ಉಳಿದವು, ಇದನ್ನು ಒಪ್ಪಬೇಕು. ಜೂನ್ ಕೊನೆಯ ವಾರದಲ್ಲಿ ಕೊಲಂಬೊ ಒಪ್ಪಿಗೆಯೊಂದಿಗೇ ಭಾರತದ ಪರಿಹಾರ ಹಡಗಿನಲ್ಲಿ ಜಾಫ್ನಾಕ್ಕೆ ಹೋಯಿತು. ವಿಮಾನ ಹಾಕಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಾಮಗ್ರಿ, ಸದ್ದುಗದ್ದಲವಿಲ್ಲದೆ.

ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಸೇರಿಸುವುದು, ಪ್ರಾಂತ್ಯಗಳಿಗೆ ಅಧಿಕಾರ, ಉಗ್ರರು ಆಯುಧ ಒಪ್ಪಿಸುವುದು. ಜೊತೆಗೆ ವಿನಿಮಯವಾದ ಪತ್ರಗಳಲ್ಲಿ ಬೇರೆ ವಿಷಯಗಳಿದ್ದವು: ಟ್ರಿಂಕೋಮಲಿ ಬಂದರನ್ನು ಭಾರತದ ಹಿತಕ್ಕೆ ವಿರುದ್ಧವಾಗಿ ಬೇರೆ ದೇಶದ ಸೇನೆಗೆ ಬಿಡಬಾರದು, ಅಲ್ಲಿನ ತೈಲ ಟ್ಯಾಂಕುಗಳನ್ನು ಜಂಟಿಯಾಗಿ ದುರಸ್ತಿ ಮಾಡಬೇಕು, ವಿದೇಶಿ ರೇಡಿಯೊ ಕೇಂದ್ರಗಳನ್ನು ಸೇನೆಯ ಕೆಲಸಕ್ಕೆ ಬಳಸಬಾರದು. ಬೇಳೆ ಅಕ್ಕಿಯ ಹಿಂದೆ ದೆಹಲಿಯ ಲೆಕ್ಕಾಚಾರ ಏನಿತ್ತು ಎಂಬುದು ಈ ಪತ್ರಗಳಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ದೇಶಕ್ಕೆ ತನ್ನ ಹಿತ ನೋಡಿಕೊಳ್ಳುವ ಹಕ್ಕಿದೆ. ಆದರೆ ಹಸಿದವರ ಹೆಸರಿನಲ್ಲಿ ನೋಡಿಕೊಂಡಾಗ, ಮುಂದೆ ನಿಜವಾಗಿ ಹಸಿದವರಿಗೆಂದು ಹೋದರೂ ಯಾರೂ ನಂಬುವುದಿಲ್ಲ.

ಇನ್ನೊಂದು ದೊಡ್ಡ ಕೊರತೆ: ಒಪ್ಪಂದಕ್ಕೆ ಸಹಿ ಹಾಕಿದ್ದು ಎರಡು ಸರ್ಕಾರಗಳು. ಯಾರ ಸಲುವಾಗಿ ಇಷ್ಟೆಲ್ಲ ನಡೆಯಿತೋ ಆ ತಮಿಳರ ಕಡೆಯಿಂದ ಒಂದು ಸಹಿಯೂ ಇರಲಿಲ್ಲ. ದಾಳಿ ನಿಲ್ಲಿಸಿದ ಮೇಲೆ ಜಾಫ್ನಾದ ಜನಕ್ಕೆ ಏನು ಬೇಕು ಎಂದು ಕೂತು ಕೇಳಿದವರಿಲ್ಲ. ವಿಮಾನ ಕಳಿಸಿದ್ದು ಅಷ್ಟು ಸಲೀಸಾಗಿ ಕೆಲಸ ಮಾಡಿತಲ್ಲ, ಸೇನೆ ಕಳಿಸಿದರೂ ಹಾಗೇ ಆಗುತ್ತದೆ ಎಂಬ ಹುಮ್ಮಸ್ಸು ದೆಹಲಿಯಲ್ಲಿ ಹುಟ್ಟಿತು. ಆ ಸಂಜೆಯ ಯಶಸ್ಸು ಮಾಡಿದ ದೊಡ್ಡ ಕೆಡುಕು ಇದೇ.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ, ಚಿಕ್ಕದಾಗಿ ಹೇಳುತ್ತೇನೆ. ಶಾಂತಿಪಾಲನಾ ಪಡೆ ಐಪಿಕೆಎಫ್ ಜುಲೈ ಕೊನೆಯಲ್ಲಿ ಇಳಿಯಿತು. ಜನ ಹಾರ ಹಾಕಿ ಸ್ವಾಗತಿಸಿದರು. ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಜೊತೆ ಯುದ್ಧ ಶುರುವಾಯಿತು. ಅಕ್ಟೋಬರ್ 21, ದೀಪಾವಳಿಯ ದಿನ, ಭಾರತದ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ಆಸ್ಪತ್ರೆಯಿಂದ ತಮ್ಮ ಮೇಲೆ ಗುಂಡು ಬಂತು ಎಂದು ಸೇನೆ ಹೇಳಿತು. ವೈದ್ಯರು, ನರ್ಸುಗಳು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ನಾಲ್ಕೂವರೆ ತಿಂಗಳ ಹಿಂದೆ ಇದೇ ಊರಿಗೆ ನಾವು ಔಷಧಿ ಹಾಕಿದ್ದೆವು. 1990ರ ಮಾರ್ಚ್‌ನಲ್ಲಿ ಪಡೆ ವಾಪಸ್ ಬರುವಷ್ಟರಲ್ಲಿ ನಮ್ಮ ಸೈನಿಕರು 1,100ಕ್ಕೂ ಹೆಚ್ಚು ಮಂದಿ ಸತ್ತಿದ್ದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಆ ಸಂಚಿನ ಮುಖ್ಯ ಆರೋಪಿ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ, ಪೊಲೀಸರು ಸುತ್ತುವರಿದಾಗ, ಸತ್ತರು. ಆ ಬೇಸಿಗೆ ಮಳೆಗಾಲ ನೆನಪಿರುವ ಬೆಂಗಳೂರಿಗರು ಇನ್ನೂ ಇದ್ದಾರೆ.

ಆಮೇಲೆ ಬಂದ ಮೌನ

ಸುಟ್ಟುಕೊಂಡ ಸರ್ಕಾರಗಳು ಇನ್ನೊಂದು ತುದಿಗೆ ಹೋಗುತ್ತವೆ. 2009ರ ಆರಂಭದ ತಿಂಗಳುಗಳಲ್ಲಿ ಉತ್ತರ ಶ್ರೀಲಂಕಾದ ವನ್ನಿ ಪ್ರದೇಶದ ಸಣ್ಣದೊಂದು ಕಡಲತೀರದಲ್ಲಿ ಲಕ್ಷಗಟ್ಟಲೆ ತಮಿಳರು ಸಿಕ್ಕಿಹಾಕಿಕೊಂಡಿದ್ದರು. ಒಂದು ಕಡೆ ಸೇನೆಯ ಶೆಲ್, ಇನ್ನೊಂದು ಕಡೆ ಜನರನ್ನು ಗುರಾಣಿ ಮಾಡಿಕೊಂಡ ಎಲ್‌ಟಿಟಿಇ. ಅದು 1987ಕ್ಕಿಂತ ಎಷ್ಟೋ ಪಟ್ಟು ಭೀಕರ. ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಆಗ ದೆಹಲಿ ಪರಿಹಾರ ಸಾಮಗ್ರಿ ಕಳಿಸಿತು, ಪುಲ್ಮೊಡ್ಡೈನಲ್ಲಿ ತುರ್ತು ಆಸ್ಪತ್ರೆ ನಡೆಸಿತು, ಕೊಲಂಬೊಗೆ ಪ್ರತಿನಿಧಿಗಳನ್ನು ಅಟ್ಟಿತು. ದಾಳಿ ನಿಲ್ಲಿಸಲೇಬೇಕು ಎಂದು ಗಟ್ಟಿ ದನಿಯಲ್ಲಿ ಹೇಳಲಿಲ್ಲ. ಆ ಆಸ್ಪತ್ರೆಯ ವೈದ್ಯರು ಮಾಡಿದ ಕೆಲಸ ದೊಡ್ಡದು. ಸರ್ಕಾರದ ಮೌನ ದೊಡ್ಡ ತಪ್ಪು.

ಮಿರಾಜ್ ಮತ್ತು ಮೌನದ ನಡುವೆ ಬೇರೆ ದಾರಿ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ತಪಾಸಣೆಗೆ ಒಪ್ಪಿದ ಹಡಗು, ರೆಡ್‌ಕ್ರಾಸ್ ಉಸ್ತುವಾರಿ, ಎರಡೂ ಕಡೆಯ ಗಾಯಾಳುಗಳಿಗೆ ಔಷಧಿ, ಮುಖ್ಯವಾಗಿ ಯಾವ ಬಣಕ್ಕೂ ಬಂದೂಕು ಕೊಡದಿರುವುದು. ಇದು ನಿಧಾನದ ಕೆಲಸ, ಟಿವಿಯಲ್ಲಿ ಕಾಣುವಂಥದ್ದಲ್ಲ. ಜೂನ್ ಕೊನೆಯ ಆ ಹಡಗಿನಲ್ಲಿ ಅದರ ಒಂದು ತುಣುಕಾದರೂ ಇತ್ತು.

ಇನ್ನು ನಿರಾಶ್ರಿತರು. ಈ ಇಡೀ ಪ್ರಕರಣದಲ್ಲಿ ಭಾರತ ಮಾಡಿದ ಅತಿ ದೀರ್ಘ ಮಾನವೀಯ ಕೆಲಸ ಅವರಿಗೆ ಜಾಗ ಕೊಟ್ಟದ್ದು. 1983ರಿಂದ ಬಂದವರಿಗೆ ತಮಿಳುನಾಡು ಶಿಬಿರ, ರೇಷನ್, ತಿಂಗಳ ಹಣ, ಮಕ್ಕಳಿಗೆ ಶಾಲೆ ಕೊಟ್ಟಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ಬಂದವರನ್ನು ದಡದಿಂದ ದೂಡಲಿಲ್ಲ. ಇದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಹತ್ತಾರು ಸಾವಿರ ಜನ ಇಂದಿಗೂ ಆ ಶಿಬಿರಗಳಲ್ಲೇ ಇದ್ದಾರೆ. ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮದುವೆಯಾದವರಿಗೂ ಪೌರತ್ವವಿಲ್ಲ. 2019ರಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿ ತಂದಾಗ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಹೆಸರು ಬಂತು, ಶ್ರೀಲಂಕಾದ ಹೆಸರು ಬರಲಿಲ್ಲ. ಅಲ್ಲಿಂದ ಓಡಿಬಂದವರಲ್ಲಿ ಬಹುಪಾಲು ಹಿಂದೂಗಳೇ, ಕ್ರೈಸ್ತರೂ ಇದ್ದಾರೆ. ನಾಲ್ಕು ದಶಕಗಳಿಂದ ನಮ್ಮ ನಡುವೆ ಇರುವ ಈ ಜನರಿಗೆ ಪೌರತ್ವ ಕೊಡಲು ಯಾವ ದೇಶದ ಒಪ್ಪಿಗೆಯೂ ಬೇಕಿಲ್ಲ, ಯಾವ ಕಡಲೂ ದಾಟಬೇಕಿಲ್ಲ. ಸಂಸತ್ತು ಮನಸ್ಸು ಮಾಡಿದರೆ ಸಾಕು.